ಬಾಯ್ಲರ್ ಕೊಳ್ಳುವ ಮುನ್ನ ಕೊಳವೆಯೊಳಗೆ ಇಣುಕಿ

ನೀರು ತುಂಬುವ ಹಬ್ಬದ ಸಂಜೆ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಬಚ್ಚಲ ಹಂಡೆಗೆ ರಾಜೋಪಚಾರ. ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಅದೇ ನೀರು. ಹಬ್ಬ ಉಳಿದುಕೊಂಡಿದೆ, ಎಷ್ಟೋ ಮನೆಗಳಲ್ಲಿ ಹಂಡೆ ಉಳಿದಿಲ್ಲ. ಗೀಸರ್ ಬಂದ ಮೇಲೆ ಅದು ಅಟ್ಟ ಸೇರಿತು. ಮನೆ ಕೆಡವಿ ಕಟ್ಟುವಾಗ ಅಟ್ಟದಿಂದಿಳಿದು ಗುಜರಿಯವರ ತಕ್ಕಡಿ ಏರಿತು.

ಈಗ ಅದೇ ತಕ್ಕಡಿಯಿಂದ ಹಂಡೆ-ಬಾಯ್ಲರುಗಳನ್ನು ಇಳಿಸಿಕೊಳ್ಳುವವರೂ ಹುಟ್ಟಿಕೊಂಡಿದ್ದಾರೆ. ತೋಟದ ಮನೆ ಕಟ್ಟಿಸುವವರು, ಹೋಂಸ್ಟೇ ನಡೆಸುವವರು, ಮೋಡ ಕವಿದ ಮಳೆಗಾಲದಲ್ಲಿ ಸೋಲಾರ್ ನೀರು ಬೆಚ್ಚಗಾಗದೆ ಬೇಸತ್ತವರು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ‘ಬಡವರ ಊಟಿ’ ಎಂಬ ಹೆಸರನ್ನು ಸುಮ್ಮನೆ ಪಡೆದದ್ದಲ್ಲ. ಆದರೂ ಇಲ್ಲಿನ ಚಳಿಗೆ ಕೋಣೆ ಕಾಯಿಸಿಕೊಳ್ಳಬೇಕಾದ ಪ್ರಮೇಯ ಬರುವುದಿಲ್ಲ. ಮೈ ಕಾಯಿಸಿಕೊಂಡರೆ ಸಾಕು, ಅದಕ್ಕೆ ಒಂದು ಹಂಡೆ ಬಿಸಿನೀರು ಸಾಕು. ಹಾಗಾಗಿ ಈ ಸೀಮೆಯಲ್ಲಿ ಮನೆ ಕಾಯಿಸುವ ಒಲೆ ಎಂದರೆ ಬಚ್ಚಲಿನ ಒಲೆಯೇ.

ಕಲ್ಲಿದ್ದಲಿನ ಒಲೆ ಇಲ್ಲಿ ಬೇರೂರದೆ ಹೋದದ್ದಕ್ಕೆ ಕಾರಣ ಸರಳ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಮೈಸೂರು–ಅರಸೀಕೆರೆ ಮೀಟರ್ ಗೇಜ್ ಹಳಿ ಹೊಳೆನರಸೀಪುರ, ಹಾಸನಗಳ ಮೂಲಕ ಹಾದಾಗ ಕಲ್ಲಿದ್ದಲು ಊರಿನೊಳಗೆ ಬಂತು ನಿಜ, ಆದರೆ ಬಂದದ್ದು ಉಗಿಬಂಡಿಯ ಹೊಟ್ಟೆಗೆ. ಮನೆಯ ಒಲೆಗೆ ಸೌದೆ, ಕರಟ, ಇದ್ದಿಲೇ ಗತಿಯಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಂಥ ಕಡೆ ಕಥೆಯೇ ಬೇರೆ. ಅಲ್ಲಿ 19ನೇ ಶತಮಾನದ ಕೊನೆಗೆ ಬೀಡುಕಬ್ಬಿಣದ ‘ಬೇಸ್ ಬರ್ನರ್’ ಒಲೆಗಳು ಮನೆಯ ಪಡಸಾಲೆಯಲ್ಲಿ ಮೆರೆದವು. ಮೇಲಿನ ಗೂಡಿಗೆ ತುಂಬಿದ ಆಂಥ್ರಸೈಟ್ ಕಲ್ಲಿದ್ದಲು ತಾನಾಗಿ ಕೆಳಗಿಳಿದು ಉರಿಯುತ್ತಿತ್ತು, ಅಭ್ರಕದ ಕಿಟಕಿಗಳಿಂದ ಕೆಂಡ ಹೊಳೆಯುತ್ತಿತ್ತು. ಅವುಗಳನ್ನು ಇಂದು ಹುಡುಕಿ ದುರಸ್ತಿ ಮಾಡಿಸುವ ಹವ್ಯಾಸಿಗಳು ನಿಕ್ಕಲ್ ಮೆರುಗಿಗೆ ಮರುಳಾಗುವುದಿಲ್ಲ. ಜಾಲರಿ ಇದೆಯೇ, ಬೆಂಕಿಗೂಡು ಸೀಳಿದೆಯೇ ಎಂದು ಮೊದಲು ನೋಡುತ್ತಾರೆ. ಹಾಸನದ ತಾಮ್ರದ ಬಾಯ್ಲರಿಗೂ ಈ ಲೆಕ್ಕಾಚಾರ ಚಾಚೂ ತಪ್ಪದೆ ಹೊಂದುತ್ತದೆ. ಕಣ್ಣಿಗೆ ಕಾಣುವ ಹೊರಮೈಯನ್ನು ಯಾರು ಬೇಕಾದರೂ ಬೆಳಗಿಯಾರು, ಬೆಂಕಿ ಮುಟ್ಟುವ ಒಳಮೈಯನ್ನು ನೋಡಿ ಕೊಳ್ಳಬೇಕು.

ಬಾಯ್ಲರಿನ ರಚನೆ ಗೊತ್ತಿದ್ದರೆ ಈ ಮಾತು ತಲೆಗೆ ಹತ್ತುತ್ತದೆ. ಹೊರಗೆ ತಾಮ್ರದ ಉರುಟು ಪೀಪಾಯಿ. ಅದರ ನಡುಮಧ್ಯೆ ತಳದಿಂದ ಮೇಲಿನವರೆಗೆ ಹಾದುಹೋಗುವ ಒಂದು ಕೊಳವೆ. ಕೊಳವೆಯ ಬುಡದಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ಬೀಳುವ ಗೂಡು, ಗಾಳಿ ಒಳಬರಲು ಒಂದು ಪುಟ್ಟ ಬಾಗಿಲು. ಕರಟ, ಪುರಳೆ, ಇದ್ದಿಲನ್ನು ಕೊಳವೆಯ ಬಾಯಿಂದ ಇಳಿಬಿಟ್ಟರೆ ಜಾಲರಿಯ ಮೇಲೆ ಉರಿಯುತ್ತವೆ. ಕೊಳವೆಗೂ ಹೊರಮೈಗೂ ನಡುವೆ ನಿಂತ ನೀರು ಬಿಸಿಯಾಗುತ್ತದೆ. ರಷ್ಯನ್ನರ ಸಮೋವರ್, ಕಾಶ್ಮೀರಿಗಳ ಚಹಾದ ಸಮಾವಾರ್, ಮರಾಠಿಗರ ಬಂಬ ಎಲ್ಲವೂ ಇದೇ ಬಳಗ. ಬೆಂಕಿಯನ್ನು ನೀರಿನ ಕೆಳಗಿಡುವ ಬದಲು ನೀರಿನ ಒಳಗೇ ಇಡುವುದು ಇದರ ಜಾಣತನ. ಬೆಂಕಿಯ ಸುತ್ತ ಎತ್ತ ನೋಡಿದರೂ ನೀರೇ ಇರುವುದರಿಂದ ಶಾಖ ಪೋಲಾಗುವುದು ಕಡಿಮೆ.

ಇಂಥ ಬಾಯ್ಲರುಗಳಲ್ಲಿ ಎರಡು ಜಾತಿ. ಒಂದಕ್ಕೆ ಬುಡದಲ್ಲಿ ನಲ್ಲಿ, ತಿರುಗಿಸಿದರೆ ನೀರು. ಇನ್ನೊಂದರಲ್ಲಿ ನಲ್ಲಿಯೇ ಇಲ್ಲ. ಮೇಲಿನ ಆಲಿಕೆಗೆ ಒಂದು ಚೊಂಬು ತಣ್ಣೀರು ಹುಯ್ದರೆ ಅದು ತಳಕ್ಕಿಳಿದು, ಮೇಲೆ ನಿಂತ ಬಿಸಿನೀರನ್ನು ಮೂತಿಯಿಂದ ಹೊರಕ್ಕೆ ತಳ್ಳುತ್ತದೆ. ಹಳಬರಿಗೆ ಎರಡನೆಯದು ತಡವೆನಿಸುತ್ತಿತ್ತು. ಆದರೆ ಹಳೆಯ ಮಾಲು ಕೊಳ್ಳುವವರಿಗೆ ಅದೇ ಮೇಲು, ಯಾಕೆಂದರೆ ಅದು ಎಂದೂ ಬರಿದಾಗುವುದಿಲ್ಲ. ನಲ್ಲಿಯ ಬಾಯ್ಲರಿನಲ್ಲಿ ಕೊನೆಗೆ ಸ್ನಾನ ಮಾಡಿದವರು ನೀರೆಲ್ಲ ಬಸಿದು ಹೋದರೆ ಒಳಗಿನ ಕೆಂಡ ಖಾಲಿ ತಾಮ್ರವನ್ನು ಸುಡುತ್ತದೆ.

ಖಾಲಿ ತಾಮ್ರ ಸುಟ್ಟರೆ ಏನಾಗುತ್ತದೆ? ತಾಮ್ರಕ್ಕೆ ಏನೂ ಆಗುವುದಿಲ್ಲ, ಅದು ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗುವುದೆಲ್ಲ ಬೆಸುಗೆಗೆ. ತವರ-ಸೀಸದ ಬಿಳಿ ಬೆಸುಗೆ 183 ಡಿಗ್ರಿಗೇ ಮೆದುವಾಗಲು ಶುರುವಾಗುತ್ತದೆ, ಶುದ್ಧ ತವರ 232 ಡಿಗ್ರಿಯಲ್ಲಿ ನೀರಾಗುತ್ತದೆ. ನೀರು ತುಂಬಿರುವವರೆಗೆ ತಾಮ್ರದ ಗೋಡೆಯ ಬಿಸಿ ನೂರು ಡಿಗ್ರಿಯ ಆಸುಪಾಸನ್ನು ದಾಟುವುದಿಲ್ಲ, ಬೆಂಕಿಯ ಬಿಸಿ ನೂರಾರು ಡಿಗ್ರಿ ಇದ್ದರೂ ಅಷ್ಟೇ. ನೀರೇ ಬೆಸುಗೆಯ ಕಾವಲು. ಕಾವಲು ತಪ್ಪಿದ ಒಂದು ಬೆಳಿಗ್ಗೆ ಸಾಕು, ಕೊಳವೆಯ ಬುಡದ ಸೇರುವೆ ಬಾಯಿಬಿಡುತ್ತದೆ. ಗುಜರಿಗೆ ಬಂದ ಬಾಯ್ಲರುಗಳಲ್ಲಿ ಈ ಕಾಯಿಲೆಯನ್ನೇ ಮೊದಲು ಶಂಕಿಸಬೇಕು.

ಪರೀಕ್ಷೆಗೆ ಬೇಕಾದದ್ದು ಒಂದು ಟಾರ್ಚು, ಒಂದು ಅಯಸ್ಕಾಂತ, ಒಂದಷ್ಟು ನೀರು, ಅಂಗಡಿಯವರ ಸಹನೆ.

ಮೊದಲು ಅಯಸ್ಕಾಂತ. ತಾಮ್ರಕ್ಕಾಗಲಿ ಹಿತ್ತಾಳೆಗಾಗಲಿ ಅದು ಅಂಟುವುದಿಲ್ಲ. ಅಂಟಿತೆಂದರೆ ಕಬ್ಬಿಣದ ತಗಡಿಗೆ ತಾಮ್ರದ ಲೇಪ ಕೊಟ್ಟ ಮಾಲು, ಅಲಂಕಾರಕ್ಕೆ ಅಡ್ಡಿಯಿಲ್ಲ, ಬೆಂಕಿಗೆ ಬೇಡ. ಆಮೇಲೆ ಬಾಯ್ಲರನ್ನು ಬೆಳಕಿನತ್ತ ಅಡ್ಡ ಮಲಗಿಸಿ ಕೊಳವೆಯೊಳಗೆ ಇಣುಕಬೇಕು. ಮಸಿ ಇದ್ದರೆ ಒರೆಸಿಸಬೇಕು, ಒರೆಸಲು ಒಪ್ಪದವರಲ್ಲಿ ವ್ಯಾಪಾರ ಬೇಡ. ಕೊಳವೆಯ ಕೆಳಗಿನ ಗೇಣುದ್ದದ ಭಾಗ, ಅಂದರೆ ಜಾಲರಿಯ ಮೇಲಿನ ಜಾಗ, ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಅಲ್ಲಿ ತಗಡು ಗುಳಿಬಿದ್ದಿದೆಯೇ, ಬೆರಳು ಒತ್ತಿದರೆ ತಗ್ಗುತ್ತದೆಯೇ ಎಂದು ನೋಡಬೇಕು. ಸೇರುವೆಯ ಬಣ್ಣವೂ ಮಾತಾಡುತ್ತದೆ. ಹಳದಿ ಗೆರೆ ಕಂಡರೆ ಅದು ಹಿತ್ತಾಳೆ ಬೆಸುಗೆ, ಕರಗಲು 900 ಡಿಗ್ರಿಯ ಆಸುಪಾಸು ಬೇಕು, ಗಟ್ಟಿ. ಬಿಳಿಯ ದಪ್ಪ ಮೆತ್ತಿಗೆ ಕಂಡರೆ ಯಾರೋ ಅವಸರಕ್ಕೆ ತವರ ಮೆತ್ತಿದ್ದಾರೆ ಎಂದರ್ಥ. ಹೊರಮೈಯಲ್ಲಿ ಅಂಥ ತೇಪೆ ಇದ್ದರೆ ನಡೆದೀತು, ಕೊಳವೆಯಲ್ಲಿ ಇದ್ದರೆ ಅಂಗಡಿಯಲ್ಲೇ ಬಿಡುವುದು ವಾಸಿ.

ಕೊನೆಗೆ ನೀರು. ಕತ್ತಿನವರೆಗೆ ತುಂಬಿ, ತಳದಲ್ಲಿ ಒಣ ಕಾಗದ ಹಾಸಿ ಒಂದು ರಾತ್ರಿ ಬಿಡಬೇಕು. ಟಾರ್ಚಿಗೆ ಸಿಗದ ಸೂಜಿಮೊನೆಯ ತೂತು ಕಾಗದಕ್ಕೆ ಸಿಕ್ಕಿಬೀಳುತ್ತದೆ.

ದಪ್ಪ ಅಳೆಯಲು ತಕ್ಕಡಿಯೇ ಸಾಕು. ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಗಡು ಒಂದು ಚದರ ಮೀಟರಿಗೆ ಸುಮಾರು ಒಂಬತ್ತು ಕಿಲೋ ತೂಗುತ್ತದೆ. ಬಾಯ್ಲರಿನ ಎತ್ತರ, ಸುತ್ತಳತೆ, ಕೊಳವೆಯ ಅಳತೆ ಹಿಡಿದು ಚದರ ಲೆಕ್ಕ ಹಾಕಿದರೆ ತಗಡು ಎಷ್ಟು ತೆಳುವಾಗಿದೆ ಎಂಬ ಅಂದಾಜು ಸಿಗುತ್ತದೆ. ತೂಕದ ಲೆಕ್ಕದಲ್ಲೇ ಮಾರುವುದರಿಂದ ತೂಗಿಸಿ ಎಂದರೆ ಯಾರೂ ಬೇಸರಪಡುವುದಿಲ್ಲ. ಒಳಗೆ ಸುಣ್ಣ ಕಟ್ಟಿದ್ದರೆ ಅದೂ ತೂಕಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಕೊಳವೆಬಾವಿಯ ಗಡಸು ನೀರು ಕಂಡ ಬಾಯ್ಲರಿನಲ್ಲಿ ಕೊಳವೆಯ ಸುತ್ತ ಬಿಳಿ ಪೊರೆ ಬಿಗಿದಿರುತ್ತದೆ. ಶಾಖ ನೀರಿಗೆ ದಾಟದಂತೆ ಅದು ತಡೆಯುತ್ತದೆ. ನಿಂಬೆ ಉಪ್ಪನ್ನು ಬಿಸಿನೀರಿಗೆ ಹಾಕಿ ತುಂಬಿಟ್ಟರೆ ಪೊರೆ ಬಿಡುತ್ತದೆ. ಕೆಲವೊಮ್ಮೆ ಪೊರೆ ಬಿಟ್ಟ ಮೇಲೆಯೇ ತೂತು ಬಯಲಾಗುತ್ತದೆ, ಅಲ್ಲಿಯವರೆಗೆ ಸುಣ್ಣವೇ ಬಿರಡೆಯಾಗಿರುತ್ತದೆ. ಆದ್ದರಿಂದ ಮೊದಲು ಸುಣ್ಣ ಬಿಡಿಸಿ, ಆಮೇಲೆ ದುರಸ್ತಿಗೆ ಕೊಡುವುದು ಕ್ರಮ.

ದುರಸ್ತಿ ಕಂಚುಗಾರರ ಕೆಲಸ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಗೊಮ್ಮಟನಿಗೆ ಹೆಸರಾದಂತೆ ಒಂದು ಕಾಲಕ್ಕೆ ಹಿತ್ತಾಳೆ ಪಾತ್ರೆಗಳಿಗೂ ಹೆಸರಾಗಿತ್ತು, ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರ್‌ಗಳು ಅಲ್ಲಿನ ಪಾತ್ರೆ ತಯಾರಿಕೆಯನ್ನು ದಾಖಲಿಸಿವೆ. ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಎಲ್ಲೆಡೆಯೂ ಈ ಕಸುಬು ಕುಗ್ಗಿತು. ಕೆಲಸ ಬಲ್ಲವರು ಸಿಕ್ಕರೆ ಕೇಳಬೇಕಾದ ಪ್ರಶ್ನೆ ಒಂದೇ, ಕೊಳವೆಗೆ ಯಾವ ಬೆಸುಗೆ ಹಾಕುತ್ತೀರಿ ಎಂಬುದು. ಸರಿಯಾದ ಕೆಲಸ ಹೀಗೆ ನಡೆಯುತ್ತದೆ: ಸೋರುವ ಜಾಗವನ್ನು ತಾಮ್ರದ ಬಣ್ಣ ಮಿಂಚುವವರೆಗೆ ಉಜ್ಜಿ, ಬಿಳಿಗಾರವನ್ನು ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಊದುಬೆಂಕಿ ಹಿಡಿದಾಗ ಬಿಳಿಗಾರ ಮೊದಲು ಹಪ್ಪಳದಂತೆ ಉಬ್ಬಿ, ಆಮೇಲೆ ಗಾಜಿನಂತೆ ಕರಗಿ ಹರಡುತ್ತದೆ. ತಾಮ್ರ ಕೆಂಪೇರಿದ ಹೊತ್ತಿಗೆ ಹಿತ್ತಾಳೆ ತಂತಿ ಮುಟ್ಟಿಸಿದರೆ ಅದು ಕರಗಿ ಬಿರುಕಿನೊಳಕ್ಕೆ ತಾನೇ ಹರಿದು ಹೋಗುತ್ತದೆ. ಒಳಗೆ ಕಲಾಯಿ ಮಾಡಿಸಬೇಕೇ ಎಂದು ಕೆಲವರು ಕೇಳುವುದುಂಟು. ಕಲಾಯಿ ಬೇಕಾದದ್ದು ಹುಳಿ ಪದಾರ್ಥ ಬೇಯಿಸುವ ಪಾತ್ರೆಗೆ, ಸ್ನಾನದ ನೀರಿಗೆ ಅದು ದಂಡ. ಹಳೆಯ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇದ್ದೇ ಇರುವುದರಿಂದ ಬಾಯ್ಲರ್ ನೀರನ್ನು ಕುಡಿಯಲು, ಅಡುಗೆಗೆ ಬಳಸಕೂಡದು.

ಇನ್ನೊಂದು ಎಚ್ಚರ. ಆಲಿಕೆಯ ಬಾಯನ್ನಾಗಲಿ ಮೂತಿಯನ್ನಾಗಲಿ ಎಂದೂ ಮುಚ್ಚಬಾರದು, ಬಾಯ್ಲರನ್ನು ಮೇಲಿನ ಟ್ಯಾಂಕಿಗೆ ಪೈಪ್ ಹಾಕಿ ವಾಲ್ವ್ ಕೂರಿಸಿ ‘ಆಧುನಿಕ’ ಮಾಡಬಾರದು. ನೀರು ಉಗಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟು ಮೀರಿ ಹಿಗ್ಗುತ್ತದೆ. ಆ ಒತ್ತಡ ತಡೆಯಲು ಈ ತೆಳು ತಗಡನ್ನು ಮಾಡಿಲ್ಲ.

ಒಳ್ಳೆಯ ಬಾಯ್ಲರ್ ಸಿಕ್ಕಿತು ಎನ್ನೋಣ. ಅದು ಎಲ್ಲ ಮನೆಗೂ ಒಗ್ಗುತ್ತದೆಯೇ? ಇಲ್ಲ. ಅದನ್ನು ನಿರ್ಧರಿಸುವುದು ಹಿತ್ತಲಲ್ಲಿ ಸಿಗುವ ಉರುವಲು.

ಚನ್ನರಾಯಪಟ್ಟಣದ ಕಡೆ ತೆಂಗಿನ ಸೀಮೆ. ಕರಟ ಬಾಯ್ಲರಿಗೆ ಹೇಳಿ ಮಾಡಿಸಿದ ಉರುವಲು: ಚಿಕ್ಕದು, ಗಟ್ಟಿ, ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತದೆ, ಉರಿದು ಒಳ್ಳೆಯ ಕೆಂಡವಾಗುತ್ತದೆ. ಅದೇ ತೆಂಗಿನ ಸಿಪ್ಪೆಯನ್ನು ಕೊಳವೆಗೆ ತುರುಕಿದರೆ ಉರಿಯದೆ ಹೊಗೆಯಾಡಿ ಜಾಲರಿ ಕಟ್ಟಿಕೊಳ್ಳುತ್ತದೆ. ಅರಕಲಗೂಡಿನ ಲೆಕ್ಕ ಬೇರೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ, ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿವೆ. ಬ್ಯಾರನ್‌ಗೆಂದು ಬರುವುದು ಲೋಡುಗಟ್ಟಲೆ ದಪ್ಪ ಸೌದೆ, ಅದನ್ನು ಬಾಯ್ಲರಿನ ಕಿರುಕೊಳವೆಗೆ ಸೀಳುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ. ಅಂಥ ಮನೆಗೆ ಉದ್ದ ಸೌದೆ ನೂಕುವ ಹೂತ ಹಂಡೆಯೇ ಸರಿ. ಭತ್ತ ಬೆಳೆಯುವ ಹೊಳೆನರಸೀಪುರದಲ್ಲಿ ಹೊಟ್ಟಿಗೆ ಬರವಿಲ್ಲ. ಆದರೆ ಭತ್ತದ ಹೊಟ್ಟು ಗಾಳಿ ಊದದೆ ಸರಿಯಾಗಿ ಉರಿಯದು. ಡಬ್ಬದ ನಡುವೆ ಕೋಲು ನಿಲ್ಲಿಸಿ ಸುತ್ತ ಬಿಗಿಯಾಗಿ ತುಂಬಿ, ಕೋಲು ಎಳೆದ ತೂತಿನಲ್ಲಿ ಉರಿ ಹಚ್ಚುವ ಹಳೆಯ ಹೊಟ್ಟಿನೊಲೆಗೆ ಸಾಮಿಲ್ಲಿನ ಮರದ ಹೊಟ್ಟೇ ವಾಸಿ. ಹಾಸನ ನಗರದ ಒತ್ತೊತ್ತು ಮನೆಗಳಲ್ಲಿ ಉರುವಲಿಗಿಂತ ಹೊಗೆಗೆ ಜಾಗವೆಲ್ಲಿ ಎಂಬುದು ಮೊದಲ ಪ್ರಶ್ನೆ. ಮಲಗುವ ಕೋಣೆಗೆ ಅಂಟಿದ ಬಚ್ಚಲಿನಲ್ಲಿ ಬಾಯ್ಲರ್ ಇಡುವ ಯೋಚನೆಯನ್ನೇ ಬಿಡಬೇಕು.

ಅರಕಲಗೂಡಿನ ಬ್ಯಾರನ್ ಇಲ್ಲಿ ಒಂದು ಪಾಠವನ್ನೂ ಇಟ್ಟುಕೊಂಡಿದೆ. ಅದರ ಒಲೆಯ ಬಾಯಿ ಕಟ್ಟಡದ ಹೊರಗೆ. ಬಿಸಿ ಹೊಗೆ ಕಬ್ಬಿಣದ ಕೊಳವೆಯಲ್ಲಿ ಒಳಗೆಲ್ಲ ಸುತ್ತಾಡಿ ಚಿಮಣಿಯಿಂದ ಹೊರಟುಹೋಗುತ್ತದೆ, ಒಳಗೆ ಉಳಿಯುವುದು ಶಾಖ ಮಾತ್ರ. ಎಲೆಗೆ ಹೊಗೆ ತಾಕಿದರೆ ದರ ಬಿದ್ದುಹೋಗುತ್ತದೆ ಎಂದು ರೈತರಿಗೆ ಗೊತ್ತು. ಹಳೆಯ ಹೂತ ಹಂಡೆಯ ಬಚ್ಚಲುಗಳಲ್ಲೂ ಎಷ್ಟೋ ಕಡೆ ಒಲೆಯ ಬಾಯಿ ಹಿತ್ತಲ ಕಡೆಗಿರುತ್ತಿತ್ತು, ಸೌದೆ ಹೊರಗೆ, ಸ್ನಾನ ಒಳಗೆ.

ಹಂಡೆಯನ್ನೇ ಆರಿಸಿಕೊಳ್ಳುವವರು ತಳ ನೋಡಿ ಕೊಂಡರೆ ಸಾಕು. ದುಡಿಮೆ ಬೇಕಾದದ್ದು ಒಲೆ ಕಟ್ಟುವುದರಲ್ಲಿ. ಇದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವನ್ನು ನೆಲೆಯಾಗಿಸಿಕೊಂಡು ಹಳ್ಳಿಯ ಇಂಧನದ ಲೆಕ್ಕ ಹಾಕಿತು, ಮುಂದೆ ಕೆ. ಎಸ್. ಜಗದೀಶ್ ಮತ್ತಿತರರ ಕೆಲಸದಿಂದ ಅಸ್ತ್ರ ಒಲೆ ರೂಪುಗೊಂಡಿತು. ಸೌದೆಯ ಕೆಳಗೆ ಜಾಲರಿ, ಬೇಕಾದಷ್ಟೇ ಗಾಳಿ, ಪಾತ್ರೆಗೂ ಒಲೆಗೂ ನಡುವೆ ಕಿರಿದಾದ ಸಂದು, ಕೊನೆಗೆ ಚಿಮಣಿ: ಗುಟ್ಟು ಇಷ್ಟೇ. ಸಾಮಾನ್ಯ ಒಲೆ ಸೌದೆಯ ಶಾಖದ ಹತ್ತನೇ ಒಂದು ಪಾಲನ್ನಷ್ಟೇ ಪಾತ್ರೆಗೆ ಮುಟ್ಟಿಸಿದರೆ, ಈ ಒಲೆ ಪರೀಕ್ಷೆಗಳಲ್ಲಿ ಅದರ ಮೂರು-ನಾಲ್ಕು ಪಟ್ಟು ಮುಟ್ಟಿಸಿತು.

ಬಚ್ಚಲಿನ ಲೆಕ್ಕಕ್ಕೆ ಇದನ್ನು ಇಳಿಸಿ ನೋಡಬಹುದು. 60 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 6,300 ಕಿಲೋಜೂಲ್, ಕರೆಂಟಿನ ಲೆಕ್ಕದಲ್ಲಿ ಒಂದೂ ಮುಕ್ಕಾಲು ಯೂನಿಟ್. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 15,000 ಕಿಲೋಜೂಲ್ ಇರುತ್ತದೆ. ಶೇ 10ರಷ್ಟೇ ದಕ್ಕುವ ಮೂರು ಕಲ್ಲಿನ ಒಲೆಯಲ್ಲಿ ಅಷ್ಟು ನೀರಿಗೆ ನಾಲ್ಕು ಕಿಲೋಗೂ ಮೀರಿ ಸೌದೆ ಬೇಕು. ಶೇ 35 ದಕ್ಕಿಸುವ ಒಲೆಗೆ ಒಂದೂಕಾಲು ಕಿಲೋ ಒಳಗೆ ಸಾಕು. ಹಂಡೆಯ ಬೆಲೆಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣ ಕೆಟ್ಟ ಒಲೆಯಲ್ಲಿ ಒಂದು ಮಳೆಗಾಲಕ್ಕೇ ಬೂದಿಯಾಗುತ್ತದೆ. ಹಳೆಯ ಚಿಮಣಿಗಳಿಗೆ ಕಲ್ನಾರಿನ ಸಿಮೆಂಟ್ ಪೈಪು ಹಾಕುವ ರೂಢಿಯಿತ್ತು. ಅಂಥದ್ದು ಮನೆಯಲ್ಲಿದ್ದರೆ ಗರಗಸ ಹಾಕುವುದು, ಒಡೆಯುವುದು ಬೇಡ, ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕುತ್ತು. ಒದ್ದೆ ಮಾಡಿ ಇಡಿಯಾಗಿ ತೆಗೆದು ತಗಡಿನ ಪೈಪು ಕೂರಿಸಿ, ತುದಿಯನ್ನು ಮಾಡಿನ ನೆತ್ತಿಗಿಂತ ಎತ್ತರಕ್ಕೆ ಒಯ್ಯಬೇಕು.

ಬಾಯ್ಲರ್ ಬೇಗ ಕಾದು ಬೇಗ ಆರುತ್ತದೆ. ಮಣ್ಣು-ಇಟ್ಟಿಗೆಯ ಹಂಡೆ ಒಲೆ ತಡವಾಗಿ ಕಾದು ಮಧ್ಯಾಹ್ನದವರೆಗೂ ಬಿಸಿ ಹಿಡಿದಿರುತ್ತದೆ. ಫಿನ್ಲೆಂಡಿನವರು ಮನೆ ಕಾಯಿಸುವ ಒಲೆಗಳನ್ನು ಬಳಪದ ಕಲ್ಲಿನಲ್ಲಿ ಕಟ್ಟುವುದೂ ಇದಕ್ಕಾಗಿಯೇ, ಕಲ್ಲು ನುಂಗಿದ ಶಾಖವನ್ನು ಗಂಟೆಗಟ್ಟಲೆ ನಿಧಾನಕ್ಕೆ ಬಿಡುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವನ್ನು ಕೆತ್ತಿದ್ದೂ ಅದೇ ಬಳಗದ ಮೆದುಕಲ್ಲಿನಲ್ಲಿ. ಹೊಯ್ಸಳರು ಮೂರ್ತಿಗೆ ಆರಿಸಿಕೊಂಡ ಕಲ್ಲನ್ನು ಚಳಿನಾಡಿನವರು ಬೆಂಕಿಗೆ ಆರಿಸಿಕೊಂಡರು.

ಉಳಿದದ್ದು ಅಗ್ಗಿಷ್ಟಿಕೆ. ಬಾಣಂತಿ ಕೋಣೆಯಲ್ಲಿ ಕೆಂಡ ತುಂಬಿಟ್ಟು, ಸಾಂಬ್ರಾಣಿ ಹಾಕಿ ಮಗುವಿನ ತಲೆ ಆರಿಸುತ್ತಿದ್ದ ಆ ಹಿತ್ತಾಳೆ, ಕಬ್ಬಿಣದ ಪಾತ್ರೆಗಳು ಈಗ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಬಲು ಅಂದವಾಗಿ ಕೂತಿರುತ್ತವೆ. ಕೊಳ್ಳುವವರು ಕೊಳ್ಳಲಿ, ಹೂಕುಂಡ ಮಾಡಿಕೊಳ್ಳಲಿ. ಕೋಣೆ ಕಾಯಿಸಲು ಮಾತ್ರ ಬೇಡ. ಇದ್ದಿಲ ಕೆಂಡಕ್ಕೆ ಹೊಗೆ ಇಲ್ಲ, ವಾಸನೆ ಇಲ್ಲ. ಆದರೆ ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಎನ್ನುವಷ್ಟರಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿ ಉಡುಗಿರುತ್ತದೆ. ಹಿಂದಿನ ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದು, ಬೆಳಕಿಂಡಿಗಳಿಂದ ಗಾಳಿ ಆಡುತ್ತಿತ್ತು. ಆರ್‌ಸಿಸಿ ತಾರಸಿಯ, ಗಾಜಿನ ಕಿಟಕಿ ಬಿಗಿದ ಕೋಣೆಯಲ್ಲಿ ಆ ಅವಕಾಶವಿಲ್ಲ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಉರಿಯುವ ಬಾಯ್ಲರಿಗೂ ಇದೇ ಮಾತು. ಅದನ್ನು ಹಿತ್ತಲ ಚಾವಣಿಯ ಕೆಳಗಿಟ್ಟು ನೀರನ್ನಷ್ಟೇ ಬಕೆಟ್ಟಿನಲ್ಲಿ ಒಳತರಬೇಕು.

ಮೊದಲ ದಿನ ಉರಿ ಹಾಕುವಾಗ ಮೊದಲು ನೀರು, ಆಮೇಲೆ ಬೆಂಕಿ. ಆಲಿಕೆಯಿಂದ ಹುಯ್ದ ನೀರು ಮೂತಿಯಲ್ಲಿ ಹೊರಬರುವವರೆಗೆ ತುಂಬಿ, ಬೂದಿ ಬಾಗಿಲು ತೆರೆದು, ಒಂದು ಹಿಡಿ ಪುರಳೆ, ಎರಡು ಕರಟದಿಂದ ಶುರು ಮಾಡಬೇಕು. ಕೆಲವೇ ನಿಮಿಷಗಳಲ್ಲಿ ಜಾಲರಿಯಿಂದ ಹನಿ ತೊಟ್ಟಿಕ್ಕಿ ಬೂದಿಗೂಡು ಒದ್ದೆಯಾಗಬಹುದು. ಬೆಸುಗೆ ಬಿಟ್ಟಿತೆಂದು ಕಂಚುಗಾರರಿಗೆ ಫೋನ್ ಮಾಡುವ ಅಗತ್ಯವಿಲ್ಲ, ಉರಿಯುವ ಸೌದೆಯ ಆವಿ ತಣ್ಣನೆಯ ಕೊಳವೆಗೆ ತಾಗಿ ಬೆವರುವುದು ಅದು. ನೀರು ಉಗುರುಬೆಚ್ಚಗಾದ ಮೇಲೆ ಹನಿ ನಿಲ್ಲುತ್ತದೆ. ಆಮೇಲೂ ನಿಲ್ಲದಿದ್ದರೆ ಕೆಂಡ ತೆಗೆದು, ನೀರು ಬಸಿದು, ದುರಸ್ತಿಗೆ ವಾಪಸು ಕಳಿಸಬೇಕು.